ಬಾಯಿಗೆ ಬಾರದ ಬೆಟ್ಟ

ಬೆಟ್ಟದ ಬಾಯಿಂದ ಬೂದಿ ಸಲೀಸಾಗಿ ಬಂತು. ಟೀವಿ ನಿರೂಪಕರ ಬಾಯಿಂದ ಬೆಟ್ಟದ ಹೆಸರು ಬರಲಿಲ್ಲ. 2010ರ ಏಪ್ರಿಲ್ ತಿಂಗಳ ಜಾಗತಿಕ ಸಂಕಟವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಉಳಿದದ್ದೆಲ್ಲ ವಿವರ. ಐಸ್‌ಲ್ಯಾಂಡಿನ ದಕ್ಷಿಣ ಅಂಚಿನಲ್ಲಿ 1,651 ಮೀಟರ್ ಎತ್ತರದ ಒಂದು ಬೆಟ್ಟ. ಅದರ ನೆತ್ತಿಯ ಮೇಲೆ ಹಿಮದ ಟೋಪಿ. 1823ರ ನಂತರ ಯಾರ ತಂಟೆಗೂ ಬಾರದೆ ಇದ್ದದ್ದು ಆ ವರ್ಷ ಮಾರ್ಚ್ 20ರಂದು ಪಕ್ಕೆಯಲ್ಲಿ ಸಣ್ಣಗೆ ಕೆಮ್ಮಿತು. ಏಪ್ರಿಲ್ 14ರಂದು ನೆತ್ತಿಯನ್ನೇ ಸೀಳಿಕೊಂಡಿತು. ಬೆಂಕಿಗೆ ಹಿಮ ಬಿದ್ದು ಆವಿ ಸಿಡಿದು, ಕಲ್ಲು ಹಿಟ್ಟಾಗಿ ಮೇಲೇರಿ, ಗಾಳಿ ಬೀಸಿದ ದಿಕ್ಕಿಗೆ ಹೊರಟಿತು. ಗಾಳಿ ಅಂದು ಯುರೋಪಿನ ಕಡೆಗೆ ಬೀಸುತ್ತಿತ್ತು.

ಸುಮಾರು ಒಂದು ಲಕ್ಷ ವಿಮಾನಯಾನಗಳು ರದ್ದಾದವು. ಕೋಟಿಯ ಹತ್ತಿರ ಜನ ಅಲ್ಲಲ್ಲೇ ಸಿಕ್ಕಿಕೊಂಡರು. ಬೆಂಗಳೂರಿನಿಂದ ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟ್ ಕಡೆಗೆ ಹೊರಡಬೇಕಿದ್ದವರೂ ಹೋಳಿಗೆ, ಉಪ್ಪಿನಕಾಯಿಯ ಸಮೇತ ದೇವನಹಳ್ಳಿಯಿಂದ ಮನೆಗೆ ಮರಳಿದರು. ವಿಮಾನಯಾನ ಸಂಸ್ಥೆಗಳ ಒಕ್ಕೂಟ 170 ಕೋಟಿ ಡಾಲರ್ ನಷ್ಟವೆಂದು ಲೆಕ್ಕ ಹಾಕಿತು. ಆದರೆ ಆ ವಾರ ಜಗತ್ತು ನಿಜವಾಗಿ ಬೆವರಿದ್ದು ಈ ಲೆಕ್ಕಕ್ಕಲ್ಲ. ‘ಇದನ್ನು ಓದುವುದು ಹೇಗೆ?’ ಎಂಬ ಪ್ರಶ್ನೆಗೆ.

ಓದುವುದು ಹೀಗೆ: ಎಯ್ಯಾಫ್ಯಾತ್ಲಾಯೋಕುತ್ಲ್.

ಓದಿದಿರಲ್ಲ? ನಾಲಿಗೆ ಇನ್ನೂ ಬಾಯೊಳಗೇ ಇದೆಯಲ್ಲ? ಇಷ್ಟಕ್ಕೇ ಅಷ್ಟು ಗದ್ದಲ. ಇಂಗ್ಲಿಷ್ ವಾಹಿನಿಗಳ ನಿರೂಪಕರು ಮೊದಲ ದಿನ ಧೈರ್ಯದಿಂದ ಶುರು ಮಾಡಿ ಮೂರನೆಯ ಅಕ್ಷರಕ್ಕೆ ಎಡವಿದರು. ಎರಡನೆಯ ದಿನ ಎಡವಿದ್ದನ್ನೇ ತಮಾಷೆ ಮಾಡಿಕೊಂಡರು. ಮೂರನೆಯ ದಿನದಿಂದ ‘ಐಸ್‌ಲ್ಯಾಂಡಿನ ಆ ಜ್ವಾಲಾಮುಖಿ’ ಎಂದರು, ಗಂಡನ ಹೆಸರು ಹೇಳಲು ನಾಚುವ ಹಳೆಯ ಕಾಲದ ಗೃಹಿಣಿಯರ ಹಾಗೆ. ಬೆಕ್ಕೊಂದು ಕೀಲಿಮಣೆಯ ಮೇಲೆ ನಡೆದಾಡಿ ಈ ಹೆಸರನ್ನು ಬರೆಯಿತು ಎಂಬ ನಗೆಹನಿ ಅಂತರ್ಜಾಲದ ತುಂಬ ಹರಿದಾಡಿತು. ಬಿಬಿಸಿಯಲ್ಲಿ ಉಚ್ಚಾರಣೆ ಕಲಿಸುವುದಕ್ಕೆಂದೇ ಒಂದು ವಿಭಾಗವಿದೆ. ಅದು ಹೆಸರನ್ನು ತುಂಡುತುಂಡು ಮಾಡಿ, ಯಾವ ತುಂಡಿಗೆ ಒತ್ತು ಕೊಡಬೇಕೆಂಬ ಸೂಚನೆಯೊಡನೆ ನಿರೂಪಕರಿಗೆ ಹಂಚಿತು. ಐಸ್‌ಲ್ಯಾಂಡಿನ ಗಾಯಕಿಯೊಬ್ಬರು ಪುಟ್ಟ ಯುಕುಲೇಲಿ ಹಿಡಿದು ಟೀವಿಯಲ್ಲಿ ಹಾಡಿಯೇ ಕಲಿಸಿದರು. ಶಿಶುವಿಹಾರದಲ್ಲಿ ಬಳಸುವ ಈ ವಿಧಾನ ವಯಸ್ಕರ ಮೇಲೆ ಪ್ರಯೋಗವಾದದ್ದಕ್ಕೆ ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಅಮೆರಿಕನ್ನರಿಗೆ ಇಷ್ಟು ತಾಳ್ಮೆ ಎಲ್ಲಿಯದು? ಇಂಗ್ಲಿಷ್ ಲಿಪಿಯಲ್ಲಿ ಈ ಹೆಸರಿಗೆ ಹದಿನಾರು ಅಕ್ಷರ. ಮೊದಲನೆಯದು ‘ಇ’, ಉಳಿದದ್ದು ಹದಿನೈದು. ಹಾಗಾಗಿ ಅವರಲ್ಲಿ ಕೆಲವರು ಬೆಟ್ಟಕ್ಕೆ ‘ಇ15’ ಎಂದು ಹೆಸರಿಟ್ಟರು. ಸಾವಿರಾರು ವರ್ಷಗಳಿಂದ ಉರಿದು, ತಣಿದು, ಹಿಮ ಹೊತ್ತು ನಿಂತ ಬೆಟ್ಟಕ್ಕೆ ಸರ್ಕಾರಿ ವಸತಿಗೃಹದ ಕೊಠಡಿ ಸಂಖ್ಯೆ ಸಿಕ್ಕಿತು.

ಇದೇ ಲೆಕ್ಕ ಹಿಡಿದು ನಮ್ಮ ಕಡೆ ಬಂದರೆ ಏನಾಗುತ್ತದೆಂದು ನೋಡೋಣ. ಶ್ರವಣಬೆಳಗೊಳವನ್ನು ಇಂಗ್ಲಿಷಿನಲ್ಲಿ ಬರೆದು ಎಣಿಸಿ: ಸರಿಯಾಗಿ ಹದಿನಾರು. ಅಂದರೆ ಗೊಮ್ಮಟೇಶ್ವರ ಇನ್ನು ಮುಂದೆ ‘ಎಸ್15’ರಲ್ಲಿ ನಿಂತಿರುತ್ತಾನೆ. ಚಿಕ್ಕಬಳ್ಳಾಪುರಕ್ಕೆ ಹದಿನೈದು ಅಕ್ಷರ, ಒಂದರಲ್ಲಿ ಪಾರು. ತಿರುವನಂತಪುರಂ ಹದಿನೆಂಟಕ್ಕೆ ಹೋಗುತ್ತದೆ; ಅಲ್ಲಿನ ಬೆಟ್ಟವೇನಾದರೂ ಸಿಡಿದರೆ ಬಿಬಿಸಿಯ ಉಚ್ಚಾರಣೆ ವಿಭಾಗಕ್ಕೆ ಹೆಚ್ಚುವರಿ ಸಿಬ್ಬಂದಿ ಬೇಕಾಗುತ್ತದೆ. ನಾವೂ ಮಹಾ ಸಾಚಾಗಳೇನಲ್ಲ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅಭಿಮಾನದಿಂದ ಇಟ್ಟು, ಮರುದಿನದಿಂದಲೇ ‘ಕೆಎಸ್ಆರ್’ ಎಂದು ಕರೆಯತೊಡಗಿದ ಕೀರ್ತಿ ನಮಗಿದೆ.

ಈಗ ಅದೇ ಎರಡು ಹೆಸರನ್ನು ಕನ್ನಡದಲ್ಲಿ ಎಣಿಸಿ. ಶ್ರ-ವ-ಣ-ಬೆ-ಳ-ಗೊ-ಳ: ಏಳು. ಎ-ಯ್ಯಾ-ಫ್ಯಾ-ತ್ಲಾ-ಯೋ-ಕು-ತ್ಲ್: ಏಳು. ಜಗತ್ತಿನ ಅತಿ ಕಠಿಣ ಹೆಸರು ಎಂದು ಇಂಗ್ಲಿಷ್ ಲೋಕ ಹಣೆಪಟ್ಟಿ ಹಚ್ಚಿದ್ದು ಕನ್ನಡದಲ್ಲಿ ಶ್ರವಣಬೆಳಗೊಳದಷ್ಟೇ ಉದ್ದ, ಅದರಲ್ಲಿರುವ ಣಕಾರ ಳಕಾರಗಳ ಕಾಟವೂ ಇಲ್ಲ. ಆ ಎರಡು ಅಕ್ಷರಗಳನ್ನು ಉಚ್ಚರಿಸಲಾಗದ ನಾಲಿಗೆಗಳು ಇನ್ನೊಬ್ಬರ ಬೆಟ್ಟದ ಹೆಸರನ್ನು ಬೆಕ್ಕಿನ ಬರಹ ಎಂದವು. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಗೆ ಇಂಥ ರಂಗಸಜ್ಜಿಕೆ ಹಿಂದೆಂದೂ ದೊರೆತಿರಲಿಲ್ಲ.

ಈ ಹೆಸರಿನಲ್ಲಿ ಕಷ್ಟದ್ದು ಏನಾದರೂ ಇದ್ದರೆ ಅದು ಜೋಡಿ ಎಲ್. ಐಸ್‌ಲ್ಯಾಂಡ್ ಭಾಷೆಯಲ್ಲಿ ಅದು ಸಾಮಾನ್ಯವಾಗಿ ‘ಲ್ಲ’ ಆಗುವುದಿಲ್ಲ, ‘ತ್ಲ’ ಆಗುತ್ತದೆ. ಅದೂ ಮಹಾ ಗಹನವೇನಲ್ಲ. ಬೂದಿ ದಾಟಿ ಬಂದ ಸಾಗರದ ಹೆಸರು ಅಟ್ಲಾಂಟಿಕ್ ಎಂದು ಹೇಳಬಲ್ಲವರು ಅರ್ಧ ದಾರಿ ಸವೆಸಿದ್ದಾರೆ. ಇನ್ನರ್ಧಕ್ಕೆ ಟಕಾರ ಬಿಟ್ಟು ತಕಾರ ಹಿಡಿದರಾಯಿತು. ಇಂಗ್ಲಿಷಿಗೆ ಇರುವುದು ಒಂದೇ ‘ಟಿ’. ನಮ್ಮಲ್ಲಿ ತ ಇದೆ, ಟ ಇದೆ, ಎರಡಕ್ಕೂ ಮಹಾಪ್ರಾಣ ಬೇರೆ ಇದೆ, ಒತ್ತಕ್ಷರದ ಕಾರ್ಖಾನೆಯೇ ಇದೆ. ‘ಯೋ’ ಎಂಬಲ್ಲಿ ಅವರ ಸ್ವರ ತುಟಿಯನ್ನು ಇನ್ನಷ್ಟು ಮುಂದೂಡಿ ಹೊರಡುತ್ತದೆ ಎಂಬುದು ನಿಜ. ಅಷ್ಟು ಕೊರತೆಯನ್ನು ಬೆಟ್ಟ ಮನ್ನಿಸಬಹುದು.

ಇಷ್ಟೆಲ್ಲ ಸಲಕರಣೆ ಮನೆಯಲ್ಲಿದ್ದೂ ನಾವು ಮಾಡುವುದೇನು? ನಮ್ಮ ಮಾಧ್ಯಮ ಲೋಕದಲ್ಲಿ ವಿದೇಶದ ಯಾವ ಹೆಸರೂ ನೇರವಾಗಿ ಬರುವ ಪದ್ಧತಿಯಿಲ್ಲ. ಅದು ಮೊದಲು ಲಂಡನ್ನಿನಲ್ಲಿ ಇಳಿದು, ಅಲ್ಲಿ ತನ್ನ ಕಿವಿ ಮೂಗು ಕುಯ್ಯಿಸಿಕೊಂಡು, ದೆಹಲಿಯ ಸುದ್ದಿಸಂಸ್ಥೆಯ ಮೂಲಕ ಬೆಂಗಳೂರಿಗೆ ಬರಬೇಕು. ಇಂಗ್ಲಿಷ್ ಅಕ್ಷರಗಳನ್ನು ನೋಡಿಕೊಂಡು ಈ ಬೆಟ್ಟವನ್ನು ಕನ್ನಡಕ್ಕೆ ಇಳಿಸಿದರೆ ಸಿಗುವುದು ‘ಐಜಾಫ್‌ಜಲ್ಲಾಜೋಕುಲ್’. ಐಸ್‌ಲ್ಯಾಂಡಿನವರು ಬರೆಯುವ ಜೆ ಅಕ್ಷರ ಯಕಾರ ಎಂಬುದು ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತದೆ. ಕರಾವಳಿಯ ಓದುಗರಂತೂ ಕೊನೆಯ ತುಂಡು ನೋಡಿ ಬೆಚ್ಚುತ್ತಾರೆ. ತುಳುವಿನಲ್ಲಿ ಜೋಕುಲು ಎಂದರೆ ಮಕ್ಕಳು. ಅಷ್ಟು ದೂರದ ಬೆಟ್ಟದಲ್ಲಿ ಸಿಡಿದದ್ದು ಯಾರ ಮಕ್ಕಳು ಎಂದು ಉಡುಪಿಯ ಅಜ್ಜಿಯೊಬ್ಬರು ಕೇಳಿದರೆ ಉತ್ತರಿಸುವವರು ಯಾರು?

ಇನ್ನೊಂದು ಸ್ವಾರಸ್ಯವಿದೆ, ಉಚ್ಚಾರಣೆ ಕಲಿಸಲು ಹೊರಟವರು ಹೇಳಲು ಮರೆತದ್ದು. ಐಸ್‌ಲ್ಯಾಂಡ್ ಭಾಷೆಯಲ್ಲಿ ನಾಮಪದಗಳಿಗೆ ನಾಲ್ಕು ವಿಭಕ್ತಿ. ಜಗತ್ತು ನಾಲಿಗೆ ಉಳುಕಿಸಿಕೊಂಡು ಕಲಿತ ‘ಯೋಕುತ್ಲ್’ ಪ್ರಥಮಾ ವಿಭಕ್ತಿಯ ರೂಪ. ದ್ವಿತೀಯೆಗೆ ಬಂದರೆ ಅದು ‘ಯೋಕುಲ್’. ಕೊನೆಯ ತಕಾರ ಮಾಯ. ಷಷ್ಠಿಯಲ್ಲಿ ‘ಯೋಕುಲ್ಸ್’. ಬೆಟ್ಟದಲ್ಲಿ ಸ್ಫೋಟ ಎನ್ನಬೇಕಾದರೆ ‘ಯೋಹ್ಕ್ಲಿ’. ಸ್ಫೋಟದ ಸುದ್ದಿಯಲ್ಲಿ ಅಲ್ಲಿನ ಜನ ಹೆಚ್ಚಾಗಿ ಆಡಿಕೊಂಡದ್ದು ಈ ಕೊನೆಯ ರೂಪವನ್ನೇ, ಏಕೆಂದರೆ ಸ್ಫೋಟ ಆದದ್ದು ಬೆಟ್ಟದಲ್ಲಿ. ಅಂದರೆ ಲಂಡನ್ನಿನ ನಿರೂಪಕ ಹಗಲಿರುಳು ಅಭ್ಯಾಸ ಮಾಡಿ, ಕನ್ನಡಿಯ ಮುಂದೆ ಬಾಯಿ ಸೊಟ್ಟ ಮಾಡಿ, ಕಡೆಗೊಮ್ಮೆ ಗೆದ್ದೆನೆಂದು ಹೇಳಿದ ಅಂತ್ಯಾಕ್ಷರ, ಬೆಟ್ಟದ ಬುಡದ ರೈತನ ಬಾಯಲ್ಲಿ ಆ ವಾರ ಅಷ್ಟಾಗಿ ಬಂದೇ ಇರಲಾರದು. ಬೆಟ್ಟವನ್ನು, ಬೆಟ್ಟದಿಂದ, ಬೆಟ್ಟಕ್ಕೆ, ಬೆಟ್ಟದಲ್ಲಿ ಎಂದು ಶಾಲೆಯಲ್ಲಿ ಬೆತ್ತದ ಭಯದಿಂದ ಬಾಯಿಪಾಠ ಮಾಡಿದ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಕಳೆದುಕೊಂಡು ಶತಮಾನಗಳಾದ ಭಾಷೆಯವರಿಗೆ ಇದು ಎರಡನೆಯ ಸ್ಫೋಟ.

ಮೊದಲ ವಾರ ಉರುಳುವಷ್ಟರಲ್ಲಿ ಮೂರನೆಯ ವರ್ಗದ ಪಂಡಿತರು ರಂಗಪ್ರವೇಶ ಮಾಡಿದರು. ಮೊದಲ ವರ್ಗ ಹೆಸರು ಹೇಳಲಾರದವರು, ಎರಡನೆಯದು ಹೇಳಿಕೊಡುವವರು, ಮೂರನೆಯದು, ‘ನೀವು ಎಷ್ಟೇ ಚೆನ್ನಾಗಿ ಹೇಳಿದರೂ ಅದು ಜ್ವಾಲಾಮುಖಿಯ ಹೆಸರೇ ಅಲ್ಲ’ ಎನ್ನುವವರು. ಇವರ ಮಾತಿನಲ್ಲಿ ಹುರುಳಿದೆ, ಅದೇ ತೊಂದರೆ. ಹೆಸರನ್ನು ಬಿಡಿಸಿದರೆ ಎಯ್ಯಾ ಎಂದರೆ ದ್ವೀಪಗಳ, ಫ್ಯಾತ್ಲಾ ಎಂದರೆ ಬೆಟ್ಟಗಳ, ಯೋಕುತ್ಲ್ ಎಂದರೆ ಹಿಮದ ಹಾಸು. ಬೆಟ್ಟದ ಮೇಲೆ ನಿಂತರೆ ಎದುರಿನ ಕಡಲಿನಲ್ಲಿ ವೆಸ್ಟ್‌ಮನ್ ದ್ವೀಪಗಳು ಕಾಣುತ್ತವೆ, ಆದ್ದರಿಂದ ದ್ವೀಪಬೆಟ್ಟಗಳು. ಅದರ ಮೇಲಿನ ಹಿಮಕ್ಕೆ ಈ ಹದಿನಾರು ಅಕ್ಷರ. ಅಂದರೆ ಜಗತ್ತು ಒಂದು ವಾರ ಬೈದದ್ದು ಬೆಂಕಿ ಹಚ್ಚಿದವನನ್ನಲ್ಲ, ಬೆಂಕಿಯಲ್ಲಿ ಟೋಪಿ ಕಳೆದುಕೊಂಡವನನ್ನು. ‘ಮೌಂಟ್’ ಎಂದು ಮುಂದೆ ಸೇರಿಸಿ ಬರೆದವರೂ ಇದ್ದರು. ಅದಕ್ಕೆ ಹಿಂದೆ ಜ್ವಾಲಾಮುಖಿಯನ್ನೂ ಹಿಮನದಿಯನ್ನೂ ಅಂಟಿಸಿದರೆ ಕನ್ನಡದಲ್ಲಿ ‘ಪರ್ವತ ದ್ವೀಪಬೆಟ್ಟಹಿಮ ಹಿಮನದಿ ಜ್ವಾಲಾಮುಖಿ’ ಎಂದಾಗುತ್ತದೆ. ಮದುವೆಯ ಕರೆಯೋಲೆಯಲ್ಲಿ ಹಿರಿಯರ ಹೆಸರಿಗೆ ಅಂಟುವ ಬಿರುದುಗಳೂ ಇದರ ಮುಂದೆ ಮಿತವೆನಿಸುತ್ತವೆ.

ಪಂಡಿತರು ಗೆದ್ದರೇ? ಇಲ್ಲ. ಐಸ್‌ಲ್ಯಾಂಡಿನವರೇ ಆ ಜ್ವಾಲಾಮುಖಿಯನ್ನು ಹಿಮದ ಹೆಸರಿನಿಂದಲೇ ಕರೆಯುತ್ತಾರೆ. ಮನೆಯವರಿಗೆ ಇಲ್ಲದ ತಕರಾರು ದಾರಿಹೋಕರಿಗೆ. ಅಂದಹಾಗೆ, ಜ್ವಾಲಾಮುಖಿ ಎಂಬ ನಮ್ಮ ಪದಕ್ಕೂ ಯಾರಾದರೂ ಲೆಕ್ಕ ಕೇಳಬೇಕಲ್ಲವೇ? ಹಿಮಾಚಲದ ಕಾಂಗ್ರಾದಲ್ಲಿ ಜ್ವಾಲಾಮುಖಿ ಎಂಬ ದೇವಿಯ ಗುಡಿಯಿದೆ. ಅಲ್ಲಿ ಬಂಡೆಯ ಸೀಳಿನಿಂದ ಬರುವ ಅನಿಲ ಉರಿಯುತ್ತದೆ. ಸುತ್ತಮುತ್ತ ಜ್ವಾಲಾಮುಖಿ ಪರ್ವತವಿಲ್ಲ. ಇತ್ತ ಐಸ್‌ಲ್ಯಾಂಡಿನ ಈ ಬೆಟ್ಟದ ಮುಖದಲ್ಲಿ ಜ್ವಾಲೆಗಿಂತ ಹಿಮವೇ ಹೆಚ್ಚು. ಆದರೂ ಅದು ಜ್ವಾಲಾಮುಖಿ. ಬಳಕೆಗೆ ಬಂದದ್ದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹೆಸರಿನ ಮೇಲಿನ ಈ ನಗೆಚಾಟಿಕೆಯ ಹಿಂದೆ ಹಣದ ಕಹಿಯೂ ಇತ್ತು. 2008ರಲ್ಲಿ ಐಸ್‌ಲ್ಯಾಂಡಿನ ಬ್ಯಾಂಕುಗಳು ಮುಳುಗಿದ್ದವು. ಠೇವಣಿ ಇಟ್ಟು ಕೈಸುಟ್ಟುಕೊಂಡ ಬ್ರಿಟನ್, ಭಯೋತ್ಪಾದನೆ ತಡೆಗೆಂದು ಮಾಡಿದ ಕಾಯ್ದೆಯಡಿ ಅವರ ಆಸ್ತಿಯನ್ನು ಹಿಡಿದಿಟ್ಟಿತ್ತು. 2010ರ ಮಾರ್ಚ್ 6ರಂದು ಐಸ್‌ಲ್ಯಾಂಡಿನ ಮತದಾರರು ಸಾಲ ತೀರಿಸುವ ಒಪ್ಪಂದವನ್ನು ಭಾರಿ ಬಹುಮತದಿಂದ ತಿರಸ್ಕರಿಸಿದರು. ಆರು ವಾರ ತುಂಬುವ ಮೊದಲೇ ಬೂದಿ ಬಂತು. ‘ನಾವು ಕೇಳಿದ್ದು ಕ್ಯಾಶ್, ನೀವು ಕಳಿಸಿದ್ದು ಆ್ಯಶ್’ ಎಂದು ಬ್ರಿಟನ್ನಿನಲ್ಲಿ ಯಾರೋ ಹಲುಬಿದರು. ಅದಕ್ಕೆ ಬಂದ ಉತ್ತರ: ‘ನಮ್ಮ ವರ್ಣಮಾಲೆಯಲ್ಲಿ ಸಿ ಅಕ್ಷರವಿಲ್ಲ.’ ಅದು ನಿಜಕ್ಕೂ ಇಲ್ಲ. ಆ ಇಡೀ ಪ್ರಸಂಗದಲ್ಲಿ ಅಕ್ಷರಜ್ಞಾನದಿಂದ ಹುಟ್ಟಿದ ಏಕೈಕ ಒಳ್ಳೆಯ ಮಾತು ಇದು.

ಆಕಾಶ ತೆರೆದದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ, ಉಚ್ಚಾರಣೆಯ ಗಲಾಟೆಯಲ್ಲಿ ಅದು ಮುಚ್ಚಿಹೋಗಿತ್ತು. ಬೂದಿ ವಿಮಾನದ ಎಂಜಿನ್ನಿಗೆ ನಿಜವಾದ ಯಮ. ಒಳಗಿನ ಉರಿಗೆ ಕರಗಿ ಗಾಜಾಗಿ ಮೆತ್ತಿಕೊಳ್ಳುತ್ತದೆ. 1982ರಲ್ಲಿ ಇಂಡೊನೇಷ್ಯಾದ ಗಲುಂಗುಂಗ್ ಬೆಟ್ಟದ ಬೂದಿಗೆ ಸಿಕ್ಕ ಬ್ರಿಟಿಷ್ ವಿಮಾನವೊಂದರ ನಾಲ್ಕೂ ಎಂಜಿನ್ ನಿಂತು, ಕೆಳಗೆ ಜಾರಿದ ಮೇಲೆ ಮತ್ತೆ ಹೊತ್ತಿಕೊಂಡಿದ್ದವು. ಹಾಗಾಗಿ ಎಚ್ಚರಿಕೆ ತಪ್ಪಲ್ಲ. ಆದರೆ 2010ರ ಏಪ್ರಿಲ್ ವರೆಗಿನ ನಿಯಮ ಇಷ್ಟೇ: ಬೂದಿ ಕಂಡರೆ ಹಾರಬೇಡ. ಎಷ್ಟು ಬೂದಿ? ಯಾರೂ ಹೇಳಿರಲಿಲ್ಲ. ಆರು ದಿನ ಎಲ್ಲರೂ ನೆಲದಲ್ಲಿ ಕುಳಿತ ಮೇಲೆ, ಏಪ್ರಿಲ್ 20ರಂದು, ಘನ ಮೀಟರಿಗೆ 2 ಮಿಲಿಗ್ರಾಂವರೆಗೆ ಪರವಾಗಿಲ್ಲ ಎಂದು ಬ್ರಿಟನ್ನಿನ ಅಧಿಕಾರಿಗಳು ಒಪ್ಪಿದರು. ಮೇ ತಿಂಗಳಲ್ಲಿ ಅದು 4 ಆಯಿತು. ಬೆಟ್ಟ ಉಗುಳುತ್ತಲೇ ಇತ್ತು, ಬದಲಾದದ್ದು ಕಾಗದ. ಹೆಸರಿನ ಅಕ್ಷರಗಳನ್ನು ಎಣಿಸುವ ಚುರುಕನ್ನು ಬೂದಿಯ ಗ್ರಾಂ ಎಣಿಸುವುದರಲ್ಲಿ ಒಂದೆರಡು ವರ್ಷ ಮುಂಚೆ ತೋರಿಸಿದ್ದರೆ ದೇವನಹಳ್ಳಿಯ ಹೋಳಿಗೆ ಹಳಸುತ್ತಿರಲಿಲ್ಲ.

ಹೆಸರು ಕಷ್ಟವಾದರೆ ಚಿಕ್ಕದಾಗಿ ಕರೆಯಬಾರದೆಂದು ಯಾರೂ ಹೇಳುತ್ತಿಲ್ಲ. ಮೆಕ್ಸಿಕೋದಲ್ಲಿ ಪೊಪೊಕಟೆಪೆತ್ಲ್ ಎಂಬ ಜ್ವಾಲಾಮುಖಿಯಿದೆ, ಅದಕ್ಕೂ ಬಾಲದಲ್ಲಿ ಇದೇ ‘ತ್ಲ್’. ಸುತ್ತಲಿನ ಹಳ್ಳಿಗರು ಅದನ್ನು ದೋನ್ ಗೋಯೊ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಗ್ರೆಗೋರಿಯಪ್ಪನವರು ಎಂದಂತೆ. ಸಂತ ಗ್ರೆಗೋರಿಯ ದಿನವಾದ ಮಾರ್ಚ್ 12ರಂದು ಅವನಿಗೆ ಹುಟ್ಟುಹಬ್ಬ, ಬೆಟ್ಟ ಹತ್ತಿ ಊಟ, ಬಟ್ಟೆಯ ಕಾಣಿಕೆ. ಅಡ್ಡಹೆಸರು ಇಡುವವರು ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡಿರಬೇಕು, ಆಗ ಹೆಸರಿಗೆ ಹೊಸ ಅಂಗಿಯೂ ಸಿಗುತ್ತದೆ. ‘ಇ15’ಕ್ಕೆ ಯಾರು ಅಂಗಿ ಹೊಲಿಸುತ್ತಾರೆ?

ಐಸ್‌ಲ್ಯಾಂಡಿನಲ್ಲಿ ಹೆಸರಿಡುವುದು ಮೋಜಿನ ಕೆಲಸವಲ್ಲ. ಮಾರ್ಚ್‌ನ ಆ ಮೊದಲ ಕೆಮ್ಮಿನಲ್ಲಿ ಎದ್ದ ಎರಡು ಹೊಸ ಗುಡ್ಡಗಳಿಗೆ ಅವರು ಗುಡುಗಿನ ದೇವರು ಥೋರ್‌ನ ಇಬ್ಬರು ಮಕ್ಕಳ ಹೆಸರಿಟ್ಟರು. ಒಂದು ಮಗ್ನಿ. ಇನ್ನೊಂದರ ಹೆಸರನ್ನು ಕನ್ನಡದಲ್ಲಿ ಬರೆದರೆ ಈ ಲೇಖನ ನೇರವಾಗಿ ರಾಜಕೀಯ ಪುಟಕ್ಕೆ ಜಿಗಿಯುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. 2021ರಲ್ಲಿ ರಾಜಧಾನಿಯ ಸಮೀಪದ ಫಗ್ರದಾಲ್ಸ್‌ಫ್ಯಾತ್ಲ್ ಬಳಿ ಲಾವಾ ಹರಿದಾಗ, ಆ ಹೊಸ ನೆಲಕ್ಕೆ ಹೆಸರಿಡುವ ಹಕ್ಕು ಗ್ರಿಂದವಿಕ್ ಎಂಬ ಪುಟ್ಟ ಪಟ್ಟಣದ ಪುರಸಭೆಗೆ ಹೋಯಿತು. ಅಲ್ಲಿನ ಕಣಿವೆಯ ಹೆಸರಿನ ಕೊನೆಗೆ ಅವರು ಲಾವಾ ಎಂಬರ್ಥದ ಪದ ಜೋಡಿಸಿ ಸುಮ್ಮನಾದರು. ನಮ್ಮಲ್ಲಿ ಹೊಸ ನೆಲವೊಂದು ಹುಟ್ಟಿದ್ದರೆ ಲಾವಾ ಆರುವ ಮೊದಲೇ ಮೂರು ಸಂಘಟನೆಗಳು, ಐದು ನಾಯಕರ ಹೆಸರು, ಒಂದು ಬಂದ್. ಆಮೇಲೆ ನಾಲ್ಕಕ್ಷರದ ಇಂಗ್ಲಿಷ್ ಸಂಕ್ಷೇಪ.

ನಮ್ಮ ದೇಶದ ಜ್ವಾಲಾಮುಖಿಗಳ ಹೆಸರನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಇನ್ನೂ ಮುಜುಗರ. ಅಂಡಮಾನಿನಲ್ಲಿ ಈಗಲೂ ಹೊಗೆಯಾಡುವ ಒಂದು ಜ್ವಾಲಾಮುಖಿ ದ್ವೀಪವಿದೆ, 1991ರಲ್ಲಿ ದೀರ್ಘ ನಿದ್ದೆಯಿಂದ ಎದ್ದದ್ದು. ಅದರ ಹೆಸರು ಬ್ಯಾರನ್ ಐಲ್ಯಾಂಡ್, ಅಂದರೆ ಬರಡು ದ್ವೀಪ. ಹಡಗಿನಿಂದ ಇಣುಕಿದವರು ಬೇಸರದಲ್ಲಿ ಇಟ್ಟ ಹೆಸರಿನಂತಿದೆ. ಅದರ ಉತ್ತರಕ್ಕೆ ನಾರ್ಕೊಂಡಮ್ ಎಂಬ ಇನ್ನೊಂದು ದ್ವೀಪ. ಕಾಡು ಬೆಳೆದು, ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಮಂಗಟ್ಟೆ ಹಕ್ಕಿಗಳು ಹಾರಾಡಿಕೊಂಡು, ತಣ್ಣಗಿದೆ. ಆ ಹೆಸರು ‘ನರಕಕುಂಡ’ದಿಂದ ಬಂದದ್ದು ಎನ್ನುವವರಿದ್ದಾರೆ, ನಕ್ಷೆಯಲ್ಲಿ ಎರಡು ದ್ವೀಪಗಳ ಹೆಸರು ಅದಲುಬದಲಾಗಿರಬೇಕು ಎಂಬ ಗುಮಾನಿಯೂ ಇದೆ. ನರಕ ಉರಿಯುತ್ತಿರುವುದು ಒಂದು ಕಡೆ, ನರಕದ ನಾಮಫಲಕ ಹಕ್ಕಿಗಳ ಮನೆಯ ಮುಂದೆ. ಉಚ್ಚಾರಣೆಗೆ ಎರಡೂ ಸುಲಭವಾದ್ದರಿಂದ ಈ ಬಗ್ಗೆ ಯಾವ ವಾಹಿನಿಯೂ ಚರ್ಚೆ ಏರ್ಪಡಿಸಿಲ್ಲ.

ಇತ್ತ ಎಯ್ಯಾಫ್ಯಾತ್ಲಾಯೋಕುತ್ಲ್ ಚೆನ್ನಾಗಿಯೇ ಸಂಪಾದಿಸಿತು. ಅದರ ಬೂದಿ ಸೀಸೆಗಳಲ್ಲಿ ಮಾರಾಟವಾಯಿತು, ಹೆಸರು ಟೀ ಷರ್ಟುಗಳ ಮೇಲೆ ಏರಿತು. 2010ರಲ್ಲಿ ಐದು ಲಕ್ಷ ಮುಟ್ಟದ ಐಸ್‌ಲ್ಯಾಂಡಿನ ಪ್ರವಾಸಿಗರ ಸಂಖ್ಯೆ 2018ರಲ್ಲಿ 23 ಲಕ್ಷ ದಾಟಿತು. ಎಲ್ಲವೂ ಬೆಟ್ಟದ ಪುಣ್ಯವಲ್ಲ, ಆದರೆ ಪ್ರಚಾರಕ್ಕೆ ಬೇಕಾದ ಉಚ್ಚಾರಣೆಯನ್ನು ಜಗತ್ತೇ ಬಿಟ್ಟಿಯಾಗಿ ಅಭ್ಯಾಸ ಮಾಡಿಕೊಟ್ಟಿತ್ತು.

2011ರ ಮೇ ತಿಂಗಳಲ್ಲಿ ಗ್ರಿಮ್ಸ್‌ವೋತ್ನ್ ಸಿಡಿಯಿತು. ಸ್ಫೋಟ ಹಿಂದಿನದಕ್ಕಿಂತ ಬಲವಾದದ್ದು, ಹೆಸರು ಹಿಂದಿನದಕ್ಕಿಂತ ಚಿಕ್ಕದು, ಬೇಗ ಮರೆತರು. ಈಗ ತಜ್ಞರ ಕಣ್ಣಿರುವುದು ಪಕ್ಕದ ಕಾಟ್ಲಾ ಮೇಲೆ. 1918ರಲ್ಲಿ ದೊಡ್ಡದಾಗಿ ಸಿಡಿದದ್ದು, ಮತ್ತೊಮ್ಮೆ ಸಿಡಿದರೆ 2010ನ್ನು ಮಕ್ಕಳಾಟವೆನ್ನಿಸಬಲ್ಲದು. ಅದರ ನೆತ್ತಿಯ ಮೇಲೂ ಹಿಮದ ಟೋಪಿಯಿದೆ, ಟೋಪಿಗೂ ಹೆಸರಿದೆ: ಮಿರ್ದಾಲ್ಸ್‌ಯೋಕುತ್ಲ್. ಹಿಂದಿನ ಬಾರಿಯ ನ್ಯಾಯದಂತೆ ಜಗತ್ತು ಇದನ್ನೇ ಹೇಳಬೇಕಿತ್ತು. ಆದರೆ ಈ ಬೆಟ್ಟಕ್ಕೆ ಎರಡಕ್ಷರದ ಸ್ವಂತ ಹೆಸರಿದೆಯೆಂದು ತಿಳಿದಾಗಿನಿಂದ ಸುದ್ದಿಮನೆಗಳು ನಿರಾಳವಾಗಿವೆ. ಉಚ್ಚಾರಣೆ ವಿಭಾಗಕ್ಕೆ ರಜೆ, ಯುಕುಲೇಲಿ ಪೆಟ್ಟಿಗೆಯೊಳಕ್ಕೆ. ನಮ್ಮ ಸಂಪಾದಕರಿಗೂ ಈ ಸಲ ತಲೆನೋವಿಲ್ಲ. ‘ಕಾಟ್ಲಾ ಸ್ಫೋಟ, ಯುರೋಪ್ ತತ್ತರ’ ಎಂದು ತಲೆಬರಹ ಈಗಲೇ ಜೋಡಿಸಿಟ್ಟುಕೊಳ್ಳಬಹುದು. ಕಾಟ್ಲಾ ಎಂದರೆ ಮೀನೆಂದೇ ಬಲ್ಲ ತುಂಗಭದ್ರಾ ಜಲಾಶಯದ ದಂಡೆಯ ಓದುಗರು ಮಾತ್ರ ರೋಹು, ಮೃಗಾಲ್ ಮೀನುಗಳ ದರ ಎಷ್ಟಾಯಿತೆಂದು ಅದರ ಕೆಳಗೆ ಹುಡುಕುತ್ತಾರೆ.